ಹರಿಗೋಲು ಮುಗಿಯುವ ತನಕ

ಕುಣಿಗಲ್, ಭಾನುವಾರ
8 ಜುಲೈ 1984

ಪ್ರಿಯ ಮೆಹರ್,

‘ಆಚೆ ದಡದಲ್ಲಿ ದೀಪ ಹಚ್ಚಿಟ್ಟವರು ಯಾರು’ ಎಂಬ ಸಾಲೊಂದು ಬೆಳಗಿನಿಂದ ಬಾಯಲ್ಲಿ ಕೂತಿದೆ. ಅದರ ಹಿಂದಿನದೂ ನೆನಪಿಲ್ಲ, ಮುಂದಿನದೂ ಇಲ್ಲ. ಎಲ್ಲಾದರೂ ಓದಿದೆನೋ, ಯಾರಾದರೂ ಹೇಳಿದ್ದೋ ತಿಳಿಯದು. ಯೋಚಿಸುತ್ತ ಹೋದರೆ ಸಾಲೇ ಸರಿಯಿಲ್ಲ ಅನ್ನಿಸುತ್ತದೆ. ಆಚೆ ದಡದಲ್ಲಿರುವವರು ದಾಟಿ ಆಗಿದೆ, ಅವರಿಗೆ ದೀಪ ಏಕೆ? ಈಚೆ ಇರುವವರಿಗೆ ಬೇಕು, ಆದರೆ ಅಲ್ಲಿ ಹೋಗಿ ಹಚ್ಚುವುದು ಹೇಗೆ? ಹಾಸ್ಟೆಲ್‌ನಲ್ಲಿದ್ದಾಗ ನಿನಗೆ ಇಂಥ ಸಾಲು ಒಪ್ಪಿಸಿದರೆ ‘ಮೊದಲು ಲೆಕ್ಕ ಸರಿಮಾಡ್ಕೊಂಡು ಬಾ’ ಅನ್ನುತ್ತಿದ್ದೆ.

ವರ್ಗವಾಗಿ ಬಂದ ಈ ಊರಿನಲ್ಲಿ ಮನೆ ಒಂದು ಹದಕ್ಕೆ ಬಂದಿದೆ. ಕಾಲೇಜಿಗೆ ನಡೆದೇ ಹೋಗಬಹುದು. ಪಕ್ಕದ ಮನೆಯ ಪದ್ಮಮ್ಮ ನನ್ನ ಪೆಟ್ಟಿಗೆಯಲ್ಲಿದ್ದ ದೇವೀರಿಯ ಚಿತ್ರ ನೋಡಿ ‘ಇದ್ಯಾರು, ನಿಮ್ಮ ಕಡೇ ದೇವ್ರಾ?’ ಅಂದರು. ಹೇಳಿದೆ: ತುಮಕೂರಿನಲ್ಲಿ ನನ್ನ ಸ್ನೇಹಿತೆ ಒಂದು ಆಟ ಆಡಿಸುತ್ತಾಳೆ. ಅವಳು ಸೂತ್ರಧಾರಿ, ಕಥೆ ಹೇಳುತ್ತಾಳೆ. ನಾವು ಒಬ್ಬೊಬ್ಬರು ಆ ಕಥೆಯೊಳಗೆ ಒಬ್ಬೊಬ್ಬರಾಗುತ್ತೇವೆ. ಏನು ಮಾಡುತ್ತೇವೆಂದು ನಾವೇ ಹೇಳಬೇಕು, ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ನಾನು ದೇವೀರಿ, ಕಾಡಿನಲ್ಲಿ ದಾರಿ ಹುಡುಕುವವಳು. ಪದ್ಮಮ್ಮ ಪೂರ್ತಿ ಕೇಳಿ, ‘ಎಮ್ಮೆ ಓದಿದೋರು ಹಿಂಗೂ ಆಡ್ತಾರಾ!’ ಅಂದರು. ಅವರ ಬಾಯಲ್ಲಿ ಎಂ.ಎ. ಯಾವಾಗಲೂ ಹಾಗೆಯೇ.

ಈಗ ನಾಲ್ಕು ಗಂಟೆ. ನಿನ್ನ ಮಹಡಿ ಕೋಣೆಯಲ್ಲಿ ಎಲ್ಲರೂ ಕೂತಿರುತ್ತೀರಿ. ಇಲ್ಲದವರನ್ನು ಕಥೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಪಟ್ಟಾಭಿರಾಮ ಹಠ ಮಾಡುತ್ತಾರೆಂದು ಗೊತ್ತು. ಭಾನುವಾರ ಬರುವುದು ನನಗೆ ಆಗುವುದಿಲ್ಲ. ಕಾಲೇಜಿನ ಕೆಲಸ ಬಹಳ. ಆದರೂ ದೇವೀರಿಯನ್ನು ಸಾಯಿಸಬೇಡ ಮೆಹರ್. ತುಮಕೂರಿನಲ್ಲಿ ನನ್ನದು ಅಂತ ಉಳಿದಿರುವುದು ಆ ಒಂದು ಕುರ್ಚಿ.

ಪದ್ಮಮ್ಮ ಬಾಗಿಲು ತಟ್ಟುತ್ತಿದ್ದಾರೆ. ನಿಲ್ಲಿಸುತ್ತೇನೆ.

ನಿನ್ನ
ಮಂಗಳಾ

*

ತುಮಕೂರು
16 ಜುಲೈ 1984

ಮಂಗಳಾ,

ನಿನ್ನೆ ನಿನ್ನ ಕಾಗದ ಓದಿ ಹೇಳಿದೆ. ದೊಡ್ಡ ಜಗಳವಾಯಿತು. ಪಟ್ಟಾಭಿ ತಮ್ಮ ಬ್ಯಾಂಕಿನ ಕೌಂಟರಿನಲ್ಲಿ ಕೂತವರ ಹಾಗೆ ಮುಖ ಮಾಡಿಕೊಂಡು, ‘ಬರದೇ ಇರೋರ್ನ ಎಷ್ಟ್ ದಿನ ಹೊತ್ಕೊಂಡ್ ತಿರ್ಗೋದು ಮೇಡಂ? ಹುಲಿ ಬಾಯಿಗ್ ಹಾಕ್ಬುಡಿ’ ಅಂದರು. ನನ್ನ ತಮ್ಮ ಏಜಾಜ್‌ಗೆ ಸಿಟ್ಟು ಬಂತು. ‘ಅಕ್ಕ, ಆಟದ ಪೆಟ್ಟಿಗೆ ನಂದು. ಮಂಗಳಕ್ಕನ್ನ ಹುಲಿ ತಿಂದ್ರೆ ಪೆಟ್ಟಿಗೇನೂ ವಾಪಸ್’ ಅಂದ. ಅಂತರಸನಹಳ್ಳಿಯ ಅವನ ಫ್ಯಾಕ್ಟರಿಗೆ ಮೆಷಿನ್ ಕೂರಿಸಲು ಬಂದ ಪರದೇಶದ ಎಂಜಿನಿಯರ್ ಆ ಪೆಟ್ಟಿಗೆ ಬಿಟ್ಟುಹೋದದ್ದಕ್ಕೆ ಇವನಿಗೆ ಎಷ್ಟು ಜಂಬ!

ಕೊನೆಗೆ ಒಪ್ಪಂದ ಹೀಗೆ. ದೇವೀರಿಯ ಕಾಲು ಉಳುಕಿದೆ, ಹೊಳೆ ದಂಡೆಯ ಹಳ್ಳಿಯಲ್ಲಿ ಉಳಿದಿದ್ದಾಳೆ. ಮಿಕ್ಕವರು ಬೆಟ್ಟದ ಗವಿಗೆ ಹೋಗಿ ಬರುತ್ತಾರೆ. ಅಷ್ಟರಲ್ಲಿ ಅವಳು ತನ್ನದೇ ಒಂದು ಕೆಲಸ ಹಿಡಿಯಲಿ: ಹರಿಗೋಲು ಕಟ್ಟಲಿ. ಮೊದಲು ಬಿದಿರಿನ ಹೆಣಿಗೆ, ಆಮೇಲೆ ತೊಗಲು, ಕೊನೆಗೆ ಡಾಂಬರು. ನೀನು ಕಾಗದದಲ್ಲಿ ಬರೆ, ನಾನು ನಡೆಸುತ್ತೇನೆ. ಹರಿಗೋಲು ಮುಗಿದರೆ ಅವರನ್ನು ಹೊಳೆ ದಾಟಿಸಿ ಅವಳೂ ಜೊತೆಗೆ ಹೊರಡಬೇಕು, ಅಂದರೆ ನೀನು ಭಾನುವಾರ ಬರಬೇಕು. ಅವರು ಹೊಳೆಗೆ ವಾಪಸಾಗುವಷ್ಟರಲ್ಲಿ ಮುಗಿಯದಿದ್ದರೆ ದೇವೀರಿಯ ಕಥೆ ಅಲ್ಲಿಗೆ ಮುಗಿಯಿತು. ಇದು ಪಟ್ಟಾಭಿಯ ಷರತ್ತು. ಗುಂಪು ಬಿಟ್ಟು ಒಬ್ಬರೇ ಕೆಲಸ ಹಿಡಿದರೆ ಹೇಗೆ ನಡೆಸಬೇಕೆಂದು ಪೆಟ್ಟಿಗೆಯಲ್ಲಿರುವ ನಿಯಮದ ಪುಸ್ತಕದಲ್ಲಿ ಹುಡುಕಿದೆ. ‘ಸೂತ್ರಧಾರರು ಯುಕ್ತಿಯಿಂದ ನಿಭಾಯಿಸಲಿ’ ಅಂತ ಒಂದೇ ಮಾತು ಇದೆ.

ನಿನ್ನ ಹತ್ತಿರ ದಾಳವಿಲ್ಲವಲ್ಲ, ನಾಲ್ಕು ಕವಡೆ ಹಾಕು. ಎರಡು ಅಥವಾ ಹೆಚ್ಚು ಬಾಯಿ ಮೇಲಾಗಿ ಬಿದ್ದರೆ ಕೆಲಸ ಆಯಿತು, ಕಡಿಮೆ ಬಿದ್ದರೆ ಆಗಲಿಲ್ಲ. ಕಾಗದಕ್ಕೊಂದು ಸಲ. ನಾನು ನೋಡುವುದಿಲ್ಲ, ನಿನ್ನ ಮಾತೇ ಮಾತು.

ನಿನ್ನ ಕುರ್ಚಿಯಲ್ಲಿ ಯಾರೂ ಕೂತಿಲ್ಲ. ಬೆಕ್ಕು ಮಲಗುತ್ತದೆ. ನಿನ್ನ ಅತ್ತೆ ಹೇಗಿದ್ದಾರೆ?

ಮೆಹರ್

*

ಕುಣಿಗಲ್
29 ಜುಲೈ 1984

ಪ್ರಿಯ ಮೆಹರ್,

ಮೂರು ಬಾಯಿ ಮೇಲಾಗಿ ಬಿದ್ದವು! ದೇವೀರಿಯ ಹೆಣಿಗೆ ಮುಗಿಯಿತು. ಸಂತೆಯಲ್ಲಿ ಬುಟ್ಟಿ ಹೆಣೆಯುವವರ ಮುಂದೆ ನಿಂತು ನೋಡಿ ಬಂದೆ. ನಡುವಿನಿಂದ ಶುರುಮಾಡಿ ಸುತ್ತ ಬೆಳೆಸುತ್ತ ಹೋಗುತ್ತಾರೆ. ಅಂಚು ಬರುವ ತನಕ ಅದು ಬುಟ್ಟಿಯೋ ಚಾಪೆಯೋ ಗೊತ್ತೇ ಆಗುವುದಿಲ್ಲ. ದೇವೀರಿಯೂ ಹಾಗೇ ಹೆಣೆದಳು. ಊರವರು ‘ಇಷ್ಟು ದೊಡ್ಡ ಬುಟ್ಟೀಲಿ ಏನ್ ತುಂಬ್ತೀಯಮ್ಮ?’ ಅಂದರಂತೆ.

ಕವಡೆ ಅತ್ತೆಯ ಚೌಕಾಬಾರದ್ದು. ಅತ್ತೆ ಚೆನ್ನಾಗಿದ್ದಾರೆ. ಇದು ಅವರು ಹುಟ್ಟಿದ ಊರಲ್ಲವೇ, ತುಂಬ ಓಡಾಡುತ್ತಾರೆ.

ಬಾಗಿಲು. ಪದ್ಮಮ್ಮ ಇರಬೇಕು.

ಮಂಗಳಾ

*

ತುಮಕೂರು
20 ಆಗಸ್ಟ್ 1984

ಮಂಗಳಾ,

ಭೇಷ್! ಇನ್ನು ತೊಗಲು. ನಮ್ಮವರು ಗವಿಯ ಬಾಯಿಗೆ ಬಂದಿದ್ದಾರೆ. ಪಟ್ಟಾಭಿಯ ವೀರಬಾಹು ಕತ್ತಿ ಝಳಪಿಸಿಕೊಂಡು ಒಳಗೆ ನುಗ್ಗಿದ, ಒಳಗಿದ್ದದ್ದು ಬರೀ ಬಾವಲಿ. ಏಜಾಜ್ ನಕ್ಕು ನಕ್ಕು ಚಹಾ ಚೆಲ್ಲಿದ. ಚೆಲ್ಲಿದ್ದು ಪಟ್ಟಾಭಿಯ ಬಿಳಿ ಪ್ಯಾಂಟಿನ ಮೇಲೆ.

ಅತ್ತೆಯವರನ್ನು ಕಂಡರೆ ನನಗೆ ಈಗಲೂ ಭಯ ಕಣೇ. ನಿನ್ನ ಮದುವೆಯ ಮನೆಯಲ್ಲಿ ಚೌಕಾಬಾರದಲ್ಲಿ ಹೆಣ್ಣಿನ ಕಡೆಯವರನ್ನೆಲ್ಲ ಸೋಲಿಸಿ, ‘ಲೆಕ್ಕದ ಮೇಷ್ಟ್ರಮ್ಮ, ನೀನೂ ಬಾ’ ಅಂತ ನನ್ನನ್ನು ಕರೆದವರು! ಈ ವಯಸ್ಸಿನಲ್ಲೂ ಓಡಾಡುತ್ತಾರೆಂದರೆ ಸಂತೋಷ. ಮತ್ತೆ, ಆ ಪದ್ಮಮ್ಮನಿಗೆ ಬೇರೆ ಕೆಲಸವಿಲ್ಲವೇ? ನಿನ್ನ ಕಾಗದವೆಲ್ಲ ಅವಳ ಕೈಯಲ್ಲೇ ಮುಗಿಯುತ್ತದೆ.

ಮೆಹರ್

*

ಕುಣಿಗಲ್
16 ಸೆಪ್ಟೆಂಬರ್ 1984

ಮೆಹರ್,

ಕಾರ್ಡಿನಲ್ಲೇ ಬರೆಯುತ್ತಿದ್ದೇನೆ. ನಾಲ್ಕೂ ಕವುಚಿ ಬಿದ್ದವು. ಒಂದೂ ಬಾಯಿ ಮೇಲಿಲ್ಲ. ಒಣಗಲು ಹಾಕಿದ್ದ ತೊಗಲನ್ನು ನಾಯಿ ಎಳೆದುಕೊಂಡು ಹೋಯಿತೆಂದು ಇಟ್ಟುಕೋ. ದೇವೀರಿಗೆ ಅಷ್ಟೇನೂ ಬೇಸರವಾದಂತಿಲ್ಲ.

ಮಂಗಳಾ

*

ತುಮಕೂರು
15 ಅಕ್ಟೋಬರ್ 1984

ಮಂಗಳಾ,

ಬೇಸರವಾಗಲಿಲ್ಲ ಅಂದರೆ ಏನರ್ಥ? ಅವರು ಗವಿಯಿಂದ ಹೊರಗೆ ಬಂದರೆ ಹೊಳೆಗೆ ಬಹಳ ದೂರವಿಲ್ಲ. ನಿನಗೊಂದು ಸಹಾಯ ಕೊಡುತ್ತೇನೆ. ಹಳ್ಳಿಯಲ್ಲಿ ಕಾಳಯ್ಯ ಅಂತ ಮುದುಕನಿದ್ದಾನೆ, ತೊಗಲಿನ ಕೆಲಸ ಬಲ್ಲವನು. ಅವನು ಕೈಜೋಡಿಸುತ್ತಾನೆ, ಅದರಿಂದ ಈ ಸಲ ಎರಡು ಬಾರಿ ಕವಡೆ ಹಾಕು. ಯಾವುದು ಚೆನ್ನಾಗಿ ಬೀಳುತ್ತದೋ ಅದನ್ನು ಇಟ್ಟುಕೋ. ಪಟ್ಟಾಭಿಗೆ ಹೇಳಬೇಡ.

ದೀಪಾವಳಿಗೆ ಎರಡು ದಿನ ಬಂದು ಹೋಗಬಾರದೇ?

ಮೆಹರ್

*

ಕುಣಿಗಲ್
2 ಡಿಸೆಂಬರ್ 1984

ಪ್ರಿಯ ಮೆಹರ್,

ತಡವಾಯಿತು. ದೀಪಾವಳಿಗೆ ಬರಲಾಗಲಿಲ್ಲ. ಎರಡು ಬಾರಿ ಹಾಕಿದೆ, ಎರಡು ಸಲವೂ ನಾಲ್ಕೂ ಕವುಚಿ. ಕಾಳಯ್ಯನಿಗೆ ದೇವೀರಿ ಮಜ್ಜಿಗೆ ಕೊಟ್ಟು ಕಳಿಸಿದಳು.

ನೀನು ಕೇಳದ ಒಂದು ಸುದ್ದಿ ಹೇಳಲೇ? ದೇವೀರಿಯ ಗುಡಿಸಲಿಗೆ ಒಬ್ಬ ಅಜ್ಜಿ ಬಂದಿದ್ದಾಳೆ. ಎಲ್ಲಿಂದ ಬಂದಳೆಂದು ಹೇಳುವುದಿಲ್ಲ. ಹೆಣೆದಿಟ್ಟ ಹರಿಗೋಲಿನೊಳಗೆ ಕೂತುಕೊಳ್ಳುತ್ತಾಳೆ. ಸಂಜೆಯಾದರೆ ಎದ್ದು, ‘ನಮ್ಮೂರಿಗೆ ಹೋಗಬೇಕು’ ಎಂದು ಹೊರಡುತ್ತಾಳೆ. ಇದೇ ನಿಮ್ಮೂರು ಅಂದರೆ ದೇವೀರಿಯ ಮುಖ ನೋಡಿ, ‘ನೀನ್ಯಾರು ಹೇಳೋಕೆ?’ ಅನ್ನುತ್ತಾಳೆ. ದೇವೀರಿ ಅವಳ ಹಿಂದೆ ಹೋಗುತ್ತಾಳೆ, ಕರೆತರುತ್ತಾಳೆ. ಕೆಲಸ ಮುಂದೆ ಸಾಗುತ್ತಿಲ್ಲ. ನಿನ್ನ ಪುಸ್ತಕದಲ್ಲಿ ಇಂಥವರ ಬಗ್ಗೆ ಏನಾದರೂ ಇದೆಯೇ?

ಮಂಗಳಾ

*

ತುಮಕೂರು
14 ಜನವರಿ 1985

ಮಂಗಳಾ,

ಎಳ್ಳು ಬೆಲ್ಲ ಇಲ್ಲಿಂದಲೇ ತಿಂದೆ ಅಂದುಕೋ.

ಈಗ ಲೆಕ್ಕದ ಮೇಷ್ಟ್ರಮ್ಮನಾಗಿ ಕೇಳುತ್ತೇನೆ. ನಾಲ್ಕೂ ಕವುಚಿ ಒಮ್ಮೆ ಬೀಳಬಹುದು. ಎರಡನೆಯ ಸಲ ಗ್ರಹಚಾರ ಅನ್ನೋಣ. ಮೂರನೆಯ ಸಲವೂ ಅಂದರೆ ಯಾರು ನಂಬುತ್ತಾರೆ? ಜನ ಗೆಲ್ಲುವುದಕ್ಕೆ ಸುಳ್ಳು ಹೇಳುವುದನ್ನು ನೋಡಿದ್ದೇನೆ, ಸೋಲುವುದಕ್ಕೆ ಹೇಳುವವಳನ್ನು ಈಗಲೇ ನೋಡುತ್ತಿರುವುದು. ಬರಲು ಇಷ್ಟವಿಲ್ಲದಿದ್ದರೆ ನೇರ ಹೇಳು.

ಅಜ್ಜಿ ಯಾರೆಂದು ನನಗೆ ಗೊತ್ತಾಯಿತು! ಮಾಟಗಾತಿ. ಹರಿಗೋಲು ಮುಗಿಯದಂತೆ ಮಾಡುತ್ತಿರುವವಳು ಅವಳೇ. ಒಂದು ದಿನ ಅವಳು ಹೊರಟಾಗ ದೇವೀರಿ ಹಿಂದೆ ಹೋಗದಿರಲಿ. ಹೋದವಳು ಹೋಗಲಿ. ಅಷ್ಟು ಬರೆದು ಕಳಿಸು, ಕವಡೆ ಹಾಕುವುದೂ ಬೇಡ, ತೊಗಲು ಮುಗಿಯಿತೆಂದು ನಾನೇ ತೀರ್ಪು ಕೊಡುತ್ತೇನೆ.

ನಮ್ಮವರು ಗವಿಯಿಂದ ಬರುವ ದಾರಿಯಲ್ಲಿ ಮಂಜು ಕವಿದು ದಿಕ್ಕು ತಪ್ಪಿದ್ದಾರೆ. ನಿನ್ನ ಅದೃಷ್ಟ.

ಮೆಹರ್

*

ತುಮಕೂರು
4 ಮಾರ್ಚ್ 1985

ಮಂಗಳಾ,

ಏಕೆ ಬರೆದಿಲ್ಲ? ನಾನೇನಂದೆ? ಸುಳ್ಳು ಅಂದದ್ದು ತಮಾಷೆಗೆ. ಮಂಜು ಇನ್ನೂ ಕರಗಿಲ್ಲ, ಯಾರೂ ಹೊಳೆಗೆ ಬಂದಿಲ್ಲ. ಒಂದು ಸಾಲು ಬರೆ.

ಮೆಹರ್

*

ಕುಣಿಗಲ್
21 ಏಪ್ರಿಲ್ 1985

ಮೆಹರ್,

ಪರೀಕ್ಷೆಯ ಕೆಲಸಕ್ಕೆ ಗುಬ್ಬಿಗೆ ಹೋಗಿದ್ದೆ. ಬಂದು ನಿನ್ನ ಎರಡು ಕಾಗದಗಳನ್ನೂ ಮತ್ತೆ ಓದಿದೆ. ಕವಡೆಯ ವಿಷಯದಲ್ಲಿ ನಾನು ಸುಳ್ಳು ಬರೆದಿಲ್ಲ. ದೇವೀರಿ ಅಜ್ಜಿಯನ್ನು ಕಳಿಸುವುದಿಲ್ಲ.

ಆಟ ಹೇಗೆ ನಡೆಯುತ್ತಿದೆ? ಹೋದ ಭಾನುವಾರ ಪಟ್ಟಾಭಿ ಏನು ಮಾಡಿದರು? ವಿವರವಾಗಿ ಬರೆ.

ಮಂಗಳಾ

*

ತುಮಕೂರು
29 ಏಪ್ರಿಲ್ 1985

ನನ್ನ ಮಂಗಳಾ,

ನಿನ್ನ ಅಕ್ಷರ ನೋಡಿ ಜೀವ ಬಂತು. ಅಜ್ಜಿ ಇರಲಿ ಬಿಡು, ನಾನು ಆತುರಪಟ್ಟೆ.

ಹೋದ ಭಾನುವಾರ ಕೇಳಬೇಡ! ಮಂಜಿನಲ್ಲಿ ವೀರಬಾಹು ತನ್ನ ನೆರಳನ್ನೇ ರಾಕ್ಷಸನೆಂದು ತಿಳಿದು ಯುದ್ಧಕ್ಕೆ ಕರೆದ. ಪಟ್ಟಾಭಿ ಕುರ್ಚಿಯಿಂದ ಎದ್ದು ನಿಂತು, ‘ಬಾರ್ಲಾ ಈಚೆಗೆ, ಗಂಡ್ಸಾದ್ರೆ!’ ಅಂತ ಕೂಗಿದ್ದಕ್ಕೆ ಎದುರು ಮನೆಯವರು ಕಿಟಕಿ ತೆರೆದು ನೋಡಿದರು. ಏಜಾಜ್ ಅವರ ಕೈ ಹಿಡಿದು ಕೂರಿಸಿದ. ಮಂಜು ಕರಗಲು ಇನ್ನೂ ಸಮಯವಿದೆ. ನೀನು ನಿಧಾನವಾಗಿ ಕಟ್ಟು.

ಮೆಹರ್

*

ಕುಣಿಗಲ್
12 ಮೇ 1985

ಪ್ರಿಯ ಮೆಹರ್,

ಪರೀಕ್ಷೆಗೆ ಹೋಗಿದ್ದಾಗ ಗುಬ್ಬಿಯ ಬಸ್ ಸ್ಟಾಂಡಿನ ಹೋಟೆಲಿನಲ್ಲಿ ಪಟ್ಟಾಭಿರಾಮ ಸಿಕ್ಕಿದ್ದರು. ಆಟ ಹೇಗಿದೆ ಎಂದು ಕೇಳಿದೆ. ‘ಯಾವ ಆಟ ಮೇಡಂ? ದೀಪಾವಳಿ ಹೊತ್ಗೇ ನಂಗೆ ಊರಿಗ್ ಟ್ರಾನ್ಸ್‌ಫರ್ ಆಯ್ತಲ್ಲ. ಏಜಾಜ್‌ಗೂ ಭಾನುವಾರ ಶಿಫ್ಟ್ ಬಿತ್ತು. ಆವತ್ತೇ ಮುಚ್ಚೋಯ್ತು. ನಿಮಗೆ ಮೆಹರ್ ಮೇಡಂ ಬರೀಲಿಲ್ವಾ?’ ಅಂದರು. ಬರೆದಿದ್ದಾರೆ ಅಂದೆ. ಕಾಫಿ ಆರಿಹೋಯಿತು.

ಮೊದಲು ಕೋಪ ಬಂತು. ಸುಳ್ಳು ಎಂದು ನನಗೆ ಅಂದವಳು ನೀನು! ಅದಕ್ಕೇ ಹೋದ ಕಾಗದದಲ್ಲಿ ಏನೂ ತಿಳಿಯದವಳ ಹಾಗೆ ಆಟದ ಸುದ್ದಿ ಕೇಳಿದೆ. ಈಗ ನಿನ್ನ ಉತ್ತರ ಓದಿದ ಮೇಲೆ ಬೇರೆ ಚಿತ್ರ ಕಣ್ಣಿಗೆ ಬರುತ್ತದೆ: ಮಹಡಿ ಕೋಣೆ, ಮೂರು ಖಾಲಿ ಕುರ್ಚಿ, ನೀನೊಬ್ಬಳೇ ಕೂತು ವೀರಬಾಹುವನ್ನು ನೆರಳಿನ ಜೊತೆ ಯುದ್ಧ ಮಾಡಿಸುತ್ತಿರುವುದು. ಇಷ್ಟು ಕಾಲವೂ ಅವರನ್ನು ನೀನು ಹೊಳೆಗೆ ತಲುಪಿಸಲಿಲ್ಲ. ಏಕೆ ಎಂದು ನನಗೆ ಗೊತ್ತು, ಏಕೆಂದರೆ ನಾನೂ ಹರಿಗೋಲು ಮುಗಿಸಲಿಲ್ಲ.

ಕೇಳು. ತೊಗಲಿಗೆ ಕವಡೆ ಹಾಕಿದ್ದು ನಾನಲ್ಲ, ಅತ್ತೆ. ನಾನು ವರ್ಗ ಮಾಡಿಸಿಕೊಂಡು ಬಂದಿರುವುದು ಕಾಲೇಜಿಗಾಗಿ ಅಲ್ಲ, ಅವರಿಗಾಗಿ. ಅವರಿಗೆ ಮರೆವು. ತುಮಕೂರಿನಲ್ಲಿ ಎರಡು ಸಲ ದಾರಿ ತಪ್ಪಿದರು, ಒಮ್ಮೆ ಕೋರದ ಹತ್ತಿರ ಹೆದ್ದಾರಿಯಲ್ಲಿ ಸಿಕ್ಕಿದರು. ಇಲ್ಲಿ ಜನಕ್ಕೆ ಅವರ ಗುರುತಿದೆ. ಕೆರೆ ಏರಿಯ ಮೇಲೋ, ಕುದುರೆ ಫಾರಂ ಬೇಲಿಯ ಹತ್ತಿರವೋ ಕಂಡರೆ ಯಾರಾದರೂ ಹೇಳುತ್ತಾರೆ, ಪದ್ಮಮ್ಮ ಹೋಗಿ ಕರೆತರುತ್ತಾರೆ. ಅವರು ಬಾಗಿಲು ತಟ್ಟುವುದು ಅದಕ್ಕೆ. ಭಾನುವಾರ ಕೆಲಸದವಳೂ ಬರುವುದಿಲ್ಲ, ನಾನೆಲ್ಲಿ ಬಸ್ಸು ಹತ್ತಲಿ?

ನನ್ನ ಹೆಸರು ಮರೆತಿದ್ದಾರೆ. ಮಗ ತೀರಿಕೊಂಡದ್ದನ್ನೂ ಮರೆತಿದ್ದಾರೆ. ಕವಡೆ ಹಿಡಿಯುವುದನ್ನು ಮರೆತಿಲ್ಲ. ಆ ದಿನ ಕಿಟಕಿಯ ಬಳಿ ನಾನು ಕವಡೆ ಎತ್ತಿಕೊಂಡಾಗ, ‘ಕೊಡಿಲ್ಲಿ, ನಿಂಗ್ ಬರಲ್ಲ’ ಅಂತ ಕಿತ್ತುಕೊಂಡು ಉರುಳಿಸಿದರು. ನಾಲ್ಕೂ ಕವುಚಿ. ಚೌಕಾಬಾರದಲ್ಲಿ ನಾಲ್ಕೂ ಕವುಚಿ ಬಿದ್ದರೆ ಎಂಟಲ್ಲವೇ, ಅದಕ್ಕಿಂತ ದೊಡ್ಡದಿಲ್ಲ. ‘ಎಂಟು!’ ಅಂತ ಚಪ್ಪಾಳೆ ತಟ್ಟಿ ನಕ್ಕರು. ಅವರ ಕೈಯಲ್ಲಿ ಯಾವಾಗಲೂ ಎಂಟೇ. ನನ್ನ ಮದುವೆ ಮನೆಯಲ್ಲಿ ನಿನಗಾದ ಭಯ ಸುಳ್ಳಲ್ಲ. ನಿನ್ನ ನಿಯಮದಲ್ಲಿ ಅದು ಸೋಲು. ಸೋತರೆ ಹರಿಗೋಲು ಮುಗಿಯುವುದಿಲ್ಲ, ಮುಗಿಯದಿದ್ದರೆ ನಿನ್ನ ಕಾಗದ ಬರುತ್ತದೆ. ಅದರಿಂದ ಮುಂದೆಯೂ ಅವರ ಕೈಗೇ ಕೊಟ್ಟೆ. ಗೆದ್ದೆನೆಂದು ಅವರು ನಗುವುದನ್ನು ನೋಡುತ್ತ, ಸೋತೆನೆಂದು ನಿನಗೆ ಬರೆದೆ.

ಇದನ್ನೆಲ್ಲ ಹೇಳಬಹುದಿತ್ತು. ಆದರೆ ನೀನು ಭಯಪಡುತ್ತಿದ್ದ ರಾಧಮ್ಮ ನಿನ್ನ ಮನಸ್ಸಿನಲ್ಲಾದರೂ ಹಾಗೇ ಇರಲಿ ಅನ್ನಿಸಿತು. ನೀನು ಮಾಟಗಾತಿ ಅಂದ ದಿನ ಕಾಗದ ಮಡಚಿಟ್ಟು ಅಡುಗೆ ಮನೆಗೆ ಹೋದೆ. ನಿನ್ನ ತಪ್ಪಲ್ಲ. ಹೋದವಳು ಹೋಗಲಿ ಎಂದು ನನಗೂ ಒಂದು ಸಂಜೆ ಅನ್ನಿಸಿತ್ತು, ಅದಕ್ಕೇ ಅಷ್ಟು ಚುಚ್ಚಿತು.

ಇನ್ನು ಆಟವೂ ಇಲ್ಲ, ನಿಯಮವೂ ಇಲ್ಲ. ಆದರೂ ಬರೆಯುತ್ತೀಯಾ?

ಮಂಗಳಾ

*

ತುಮಕೂರು
20 ಮೇ 1985

ಮಂಗಳಾ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಪಟ್ಟಾಭಿ ಹೊರಟ ಮೇಲಿನ ಭಾನುವಾರ ನಾಲ್ಕು ಗಂಟೆಗೆ ಅಭ್ಯಾಸಬಲದಿಂದ ಮಹಡಿ ಹತ್ತಿದೆ. ಚಹಾ ಲೋಟಗಳನ್ನೂ ಜೋಡಿಸಿದೆ. ಆಮೇಲೆ ನಗು ಬಂತು, ಆಮೇಲೆ ನಗು ಬರಲಿಲ್ಲ. ಆಟ ಮುಗಿಯಿತೆಂದು ನಿನಗೆ ಬರೆಯಲು ಕೂತೆ. ಬರೆದರೆ ಮುಂದಿನ ತಿಂಗಳು ನೀನು ಯಾವ ಕಾರಣಕ್ಕೆ ಬರೆಯುತ್ತೀಯ? ‘ಕ್ಷೇಮ, ಕ್ಷೇಮಕ್ಕೆ ಬರೆಯಿರಿ’ ಅಂತ ನೀನು ಯುಗಾದಿಗೊಂದು ಕಾರ್ಡು ಹಾಕುತ್ತಿದ್ದೆ, ಅಷ್ಟೇ. ಅದಕ್ಕೆ ಮಂಜು ಕವಿಸಿದೆ. ಮಂಜಿಗೆ ಖರ್ಚಿಲ್ಲ ನೋಡು.

ಅಜ್ಜಿಯ ಬಗ್ಗೆ ನಾನು ಹಾಗೆ ಬರೆಯಬಾರದಿತ್ತು. ಕ್ಷಮಿಸು ಅನ್ನುವುದಿಲ್ಲ, ಬಂದು ಅವರ ಎದುರು ಕೂರುತ್ತೇನೆ. ಪುಸ್ತಕದಲ್ಲಿ ಒಂದು ಮಾತಿದೆಯಲ್ಲ, ಸೂತ್ರಧಾರರು ಯುಕ್ತಿಯಿಂದ ನಿಭಾಯಿಸಲಿ ಅಂತ. ನಿಭಾಯಿಸುತ್ತೇನೆ. ಗುಂಪು ಹೊಳೆಗೆ ಬರದಿದ್ದರೆ ಹೊಳೆ ಇರುವಲ್ಲಿಗೆ ಆಟವೇ ಬರುತ್ತದೆ. ಜೂನ್ ಎರಡರ ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಪೆಟ್ಟಿಗೆ ತರುತ್ತೇನೆ. ದಾಳ ತರುವುದಿಲ್ಲ.

ಆ ದೀಪದ ಸಾಲು ಎಲ್ಲಿಯದೆಂದು ನನಗೂ ಗೊತ್ತಿಲ್ಲ. ಆದರೆ ನಿನ್ನ ಲೆಕ್ಕ ತಪ್ಪು. ಆಚೆ ದಡದಲ್ಲಿರುವವರು ದೀಪ ಹಚ್ಚುವುದು ತಮಗಲ್ಲ.

ಮೆಹರ್

*

ಕುಣಿಗಲ್, ಸೋಮವಾರ
3 ಜೂನ್ 1985

ಪ್ರಿಯ ಮೆಹರ್,

ನೀನು ನಿನ್ನೆ ತಾನೇ ಹೋದೆ. ಇವತ್ತೇ ಬರೆಯಲು ಕೂತಿದ್ದೇನೆ, ನಗಬೇಡ.

ಅತ್ತೆ ನಿನ್ನ ಗುರುತು ಹಿಡಿಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ‘ಇದ್ಯಾರು, ಸೋಲೋಕ್ ಬಂದಿರೋಳು?’ ಅಂದರಲ್ಲ, ಅದಕ್ಕಿಂತ ದೊಡ್ಡ ಗುರುತು ಇನ್ನೇನಿದೆ! ನೀನು ಗಂಭೀರವಾಗಿ, ‘ಈ ಮನೇಲಿ ನಾಲ್ಕೂ ಕವುಚಿದ್ರೆ ಎಂಟು, ಎಂಟು ಬಿದ್ರೆ ಏನು ಬೇಕಾದ್ರೂ ಆಗುತ್ತೆ’ ಅಂತ ಹೊಸ ನಿಯಮ ಹೇಳಿದಾಗ, ‘ಹೊಸದೇನ್ ಬಂತು, ಮೊದಲಿಂದ್ಲೂ ಹಂಗೇ’ ಅಂತ ನಿನ್ನನ್ನು ಗದರಿಸಿದರು. ಒಂದೇ ಎಸೆತಕ್ಕೆ ತೊಗಲೂ ಆಯಿತು, ಡಾಂಬರೂ ಆಯಿತು.

ಹರಿಗೋಲು ನೀರಿಗಿಳಿದ ಮೇಲೆ ನೀನು ‘ಎಲ್ಲಿಗೆ ಹೋಗೋಣ ರಾಧಮ್ಮನೋರೇ?’ ಅಂತ ಕೇಳಿದಾಗ ನನಗೆ ಭಯವಾಯಿತು. ನಮ್ಮೂರಿಗೆ ಅನ್ನುತ್ತಾರೆ, ಎದ್ದು ಹೊರಡುತ್ತಾರೆ ಎಂದು ಬಾಗಿಲ ಕಡೆ ನೋಡಿದೆ. ಅವರು ಕಾಲು ಮಡಚಿ ಕೂತು, ‘ಒಂದ್ ಸುತ್ತು ಆಚೆಗ್ ಹೋಗಿ ಬರೋಣ, ಒಲೆ ಮೇಲೆ ಹಾಲಿಟ್ಟಿದೀನಿ’ ಅಂದರು. ನೀನು ಮುಖ ತಿರುಗಿಸಿ ಪುಸ್ತಕದ ಪುಟ ತಿರುವಿದೆ. ಅದರಲ್ಲಿ ಏನೂ ಇಲ್ಲವೆಂದು ನನಗೂ ಗೊತ್ತಿತ್ತು.

ಆಚೆ ದಡದಲ್ಲಿ ದೇವೀರಿ ಏನು ಕಟ್ಟಬೇಕೆಂದು ಇನ್ನೂ ಯೋಚಿಸಿಲ್ಲ. ಬರೆಯುತ್ತೇನೆ. ಹರಿಗೋಲಿಗಿಂತ ನಿಧಾನದ್ದೇ ಇರಲಿ.

ನಿನ್ನನ್ನು ಬಸ್ಸು ಹತ್ತಿಸಿ ಬರುವಾಗ ಹೊತ್ತು ಇಳಿದಿತ್ತು. ಅತ್ತೆ ದಿನವೂ ಹೊರಡುವ ಹೊತ್ತು ಅದು. ಕಾಲೇಜಿನ ಅಟೆಂಡರ್ ಅಡವಿಯಪ್ಪನ ಹೆಂಡತಿಯನ್ನು ಕೂರಿಸಿ ಹೋಗಿದ್ದೆನಾದರೂ ಓಡುತ್ತಲೇ ಬಂದೆ. ಅತ್ತೆ ಚಾಪೆಯ ಮೇಲೆ ಮಲಗಿ ನಿದ್ದೆಹೋಗಿದ್ದರು, ಕವಡೆ ಮುಷ್ಟಿಯಲ್ಲೇ ಇದ್ದವು. ಆಕೆಯನ್ನು ಕಳಿಸಿ ಅತ್ತೆಯ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಎದುರಿಗೇ ಅತ್ತೆ ಮಲಗಿದ್ದರೂ ಎಂದಿನ ಹಾಗೆ ಧಡಕ್ಕನೆ ಎದ್ದೆ. ತೆರೆದರೆ ಪದ್ಮಮ್ಮ, ಒಬ್ಬರೇ. ನನ್ನ ಭುಜದ ಮೇಲಿಂದ ಒಳಗೆ ಇಣುಕಿ ನೋಡಿದರು.

‘ಅಲ್ಲ ಮಂಗಳಮ್ಮೋರೇ, ನಿಮ್ಮತ್ತೆ ಇವತ್ತು ಆಚೆಗೇ ಬರ್ಲಿಲ್ವಲ್ಲ? ಕರ್ಕೊಂಬರೋಕೆ ಅಂತ ಮಧ್ಯಾಹ್ನದಿಂದ ಚಪ್ಲಿ ಮೆಟ್ಕೊಂಡೇ ಕೂತಿದೀನಿ.’